ಹೆಣ್ಣುಮಕ್ಕಳ ಗುರಿ, ನಮ್ಮೆಲ್ಲರ ಹೊಣೆ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



"ಹೆಣ್ಣುಮಕ್ಕಳಿಗೆ ಗುರಿ ಮತ್ತು ಆತ್ಮವಿಶ್ವಾಸದ ಬಗ್ಗೆ ನಾಲ್ಕು ಮಾತು ಹೇಳಿರಿ" ಎಂದು ಸರ್ ಫೋನ್ ಮಾಡಿದಾಗ ನಾನು ಕೂಡಲೇ ಒಪ್ಪಿಕೊಂಡೆ. ಆಮೇಲೆ ಕುಳಿತು ಯೋಚಿಸಿದರೆ ಭಯವಾಯಿತು. ನಾನು ದೊಡ್ಡ ಸಾಧಕಿಯಲ್ಲ. ಬೆಳಗಾವಿಯ ಒಂದು ಬ್ಯಾಂಕ್ ಶಾಖೆಯಲ್ಲಿ ಕೆಲಸ ಮಾಡುವವಳು. ಆದರೆ ಈ ಶಾಲೆಯಿಂದ ಆ ಕುರ್ಚಿಯವರೆಗಿನ ದಾರಿ ನನಗೆ ಗೊತ್ತು. ಆ ದಾರಿಯಲ್ಲಿ ಯಾರು ಎಲ್ಲಿ ನಿಂತುಬಿಟ್ಟರು ಎಂಬುದೂ ಗೊತ್ತು. ಅದನ್ನೇ ಹೇಳುತ್ತೇನೆ.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಗಣಿತದ ಸರ್ ಒಂದು ದಿನ ಎಲ್ಲರನ್ನೂ ಒಬ್ಬೊಬ್ಬರನ್ನಾಗಿ ಎಬ್ಬಿಸಿ ಕೇಳಿದರು, "ಮುಂದ ನೀ ಏನ್ ಆಗಾಂವ?" ಗಂಡುಹುಡುಗರು ಮಿಲಿಟರಿ, ಪೊಲೀಸ್, ಡ್ರೈವರ್, ಮಾಸ್ತರ ಎಂದರು. ನಮ್ಮ ಸಾಲಿಗೆ ಬಂದಾಗ ಎಲ್ಲರೂ ತಲೆ ತಗ್ಗಿಸಿದೆವು. ಒಬ್ಬಳು ಮೆಲ್ಲಗೆ "ಅಪ್ಪ ಹೇಳಿದ್ದು ಆಗಾಕಿ" ಎಂದಳು. ಕ್ಲಾಸೆಲ್ಲ ನಕ್ಕಿತು. ಸರ್ ನಗಲಿಲ್ಲ. "ಬಾಯಿಲೆ ಹೇಳಾಕ ನಾಚಿಕಿ ಆದ್ರ ನೋಟ್‌ಬುಕ್ಕಿನ ಕೊನೆಯ ಹಾಳಿ ಮ್ಯಾಲ ಬರೀರಿ. ನಾನೂ ನೋಡೂದಿಲ್ಲ" ಎಂದರು.

ಆ ದಿನ ನಾನು ಬರೆದದ್ದು "ಬ್ಯಾಂಕಿನಾಗ ಕೆಲಸ" ಎಂದು. ಅದಕ್ಕೆ ಕಾರಣವಿತ್ತು. ಅದೇ ವರ್ಷ ನಮ್ಮ ಅವ್ವ ಸ್ತ್ರೀಶಕ್ತಿ ಸಂಘದ ಹೆಣ್ಣುಮಕ್ಕಳ ಜೊತೆ ಪೇಟೆಯ ಒಂದು ಬ್ಯಾಂಕಿಗೆ ಹೋಗಿದ್ದಳು. ಓದಲು ಬರುತ್ತದೆಂದು ನನ್ನನ್ನೂ ಕರೆದುಕೊಂಡು ಹೋಗಿದ್ದಳು. ಕೌಂಟರಿನವರು ಒಂದು ಕಾಗದ ಕೇಳಿದರು, ಅವ್ವನಿಗೆ ತಿಳಿಯಲಿಲ್ಲ. ಅವರು ದನಿ ಏರಿಸಿದರು. ಅವ್ವ ಹೆಬ್ಬೆಟ್ಟಿಗೆ ಹತ್ತಿದ ಮಸಿಯನ್ನು ಸೀರೆಯ ಸೆರಗಿಗೆ ಒರೆಸಿಕೊಳ್ಳುತ್ತ ಸುಮ್ಮನೆ ನಿಂತಳು. ಹೊಲದಲ್ಲಿ ಎರಡಾಳಿನ ಕೆಲಸ ಮಾಡುವ ನನ್ನ ಅವ್ವ ಅಲ್ಲಿ ಅಷ್ಟು ಸಣ್ಣವಳಾಗಿ ಕಂಡದ್ದು ನನಗೆ ಇವತ್ತಿಗೂ ಮರೆತಿಲ್ಲ. ಆ ಕೌಂಟರಿನ ಆ ಕಡೆ ನಾನು ಕೂಡಬೇಕು, ಬಂದವರಿಗೆ ಕೂತು ತಿಳಿಸಿ ಹೇಳಬೇಕು ಅನಿಸಿತು. ನನ್ನ ಗುರಿ ಹುಟ್ಟಿದ್ದು ಹೀಗೆ. ಮಕ್ಕಳೇ, ಗುರಿಯನ್ನು ದೊಡ್ಡವರ ಚರಿತ್ರೆಯಲ್ಲೇ ಹುಡುಕಬೇಕೆಂದಿಲ್ಲ. ನಿಮ್ಮ ಮನೆಯಲ್ಲಿ ನಿಮಗೆ ಅತ್ಯಂತ ನೋವು ಕೊಟ್ಟದ್ದು ಯಾವುದು, ಅದನ್ನು ಸರಿಪಡಿಸುವ ಕೆಲಸ ಯಾವುದು ಎಂದು ಕೇಳಿಕೊಳ್ಳಿರಿ. ಬಹಳ ಸಲ ಗುರಿ ಅಲ್ಲಿಯೇ ಇರುತ್ತದೆ.

ಈಗ ನನ್ನ ಪಕ್ಕದಲ್ಲಿ ಕುಳಿತಿದ್ದ ಗೆಳತಿಯ ಮಾತು ಹೇಳಬೇಕು. ಗಣಿತದಲ್ಲಿ ಅವಳು ನನಗಿಂತ ಚುರುಕು. ನಾನು ಬೆರಳು ಎಣಿಸುವುದರೊಳಗೆ ಅವಳು ಉತ್ತರ ಹೇಳುತ್ತಿದ್ದಳು. ಹತ್ತನೇ ತರಗತಿ ಇಬ್ಬರೂ ಪಾಸಾದೆವು. ಅವಳಿಗೆ ನನಗಿಂತ ಹೆಚ್ಚು ಅಂಕ. ಜೂನ್‌ನಲ್ಲಿ ನಾನು ಖಾನಾಪುರದ ಕಾಲೇಜಿಗೆ ಹೆಸರು ಹಚ್ಚಿದೆ. ಅವಳು ಬರಲಿಲ್ಲ. ಮಳೆಗಾಲ ಮುಗಿಯುವುದರೊಳಗೆ ಅವಳಿಗೆ ನಿಶ್ಚಯವಾಯಿತು. ಮೊನ್ನೆ ಈ ಭಾಷಣದ ಬಗ್ಗೆ ಅವಳಿಗೆ ಫೋನ್ ಮಾಡಿ, "ನಿನ್ನ ವಿಷಯ ಹೇಳಲೇನವ್ವಾ?" ಎಂದು ಕೇಳಿದೆ. "ಹೆಸರು ಹೇಳಬ್ಯಾಡ, ಮಾತು ಹೇಳು" ಎಂದಳು. ಅವಳ ಮಾತು ಇದು: "ನನಗ ಧೈರ್ಯ ಕಡಿಮಿ ಇರಲಿಲ್ಲ. ಕಡಿಮಿ ಇದ್ದದ್ದು ಬಸ್ ಪಾಸಿನ ರೊಕ್ಕ, ಮತ್ತ ಮನ್ಯಾಗ 'ಹೋಗು' ಅನ್ನೂ ಒಂದು ಬಾಯಿ."

ಈ ಮಾತನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ. ಆತ್ಮವಿಶ್ವಾಸ ಇದ್ದರೆ ಎಲ್ಲವೂ ಆಗುತ್ತದೆ ಎಂದು ಭಾಷಣ ಮಾಡುವುದು ಸುಲಭ. ಹಾಗೆ ಹೇಳಿದರೆ, ನಿಂತುಹೋದ ಹುಡುಗಿಯರಿಗೆಲ್ಲ ಆತ್ಮವಿಶ್ವಾಸ ಇರಲಿಲ್ಲ ಎಂದು ಹೇಳಿದಂತಾಗುತ್ತದೆ. ಅದು ಸುಳ್ಳು. ನನಗೆ "ಹೋಗು" ಎನ್ನುವ ಅವ್ವ ಇದ್ದಳು, ಅವಳಿಗೆ ಇರಲಿಲ್ಲ. ಆದ್ದರಿಂದ ಇವತ್ತು ಹುಡುಗಿಯರಿಗೆ ಹೇಳುವುದು ಅರ್ಧ, ದೊಡ್ಡವರಿಗೆ ಹೇಳುವುದು ಅರ್ಧ.

ಮೊದಲು ಹುಡುಗಿಯರಿಗೆ.

ಗುರಿ ಇಟ್ಟುಕೊಂಡವರು ಸೋಲುವುದಿಲ್ಲ ಎಂದು ತಿಳಿಯಬೇಡಿರಿ. ಕಲಬುರಗಿಯ ಡಾಕ್ಟರ್ ವಿಜಯಲಕ್ಷ್ಮಿ ದೇಶಮಾನೆ ಅವರ ಹೆಸರು ಕೇಳಿರಬೇಕು. ತಂದೆ ಮಿಲ್ಲಿನಲ್ಲಿ ದುಡಿಯುತ್ತಿದ್ದರು, ತಾಯಿ ಕಾಯಿಪಲ್ಲೆ ಮಾರುತ್ತಿದ್ದರು. ಮಗಳ ವೈದ್ಯಕೀಯ ಓದಿಗೆ ಹಣ ಸಾಲದಾದಾಗ ಆ ತಾಯಿ ಕೊರಳಿನ ತಾಳಿಯನ್ನೇ ಬಿಚ್ಚಿ ಕೊಟ್ಟರು. ಮಗಳು ಹುಬ್ಬಳ್ಳಿಯ ಮೆಡಿಕಲ್ ಕಾಲೇಜು ಸೇರಿದರು. ಅಲ್ಲಿಯವರೆಗೆ ಓದಿದ್ದೆಲ್ಲ ಕನ್ನಡದಲ್ಲಿ, ಅಲ್ಲಿ ಎಲ್ಲವೂ ಇಂಗ್ಲಿಷ್. ಮೊದಲ ವರ್ಷದ ಪರೀಕ್ಷೆಯಲ್ಲಿ ನಪಾಸಾದರು. ತಾಳಿ ಕೊಟ್ಟ ತಾಯಿಗೆ ನಪಾಸಾದೆ ಎಂದು ಹೇಳುವುದು ಎಷ್ಟು ಕಷ್ಟ, ಯೋಚಿಸಿರಿ. ಅವರು ಊರಿಗೆ ಮರಳಲಿಲ್ಲ. ಗುರುಗಳ ಸಹಾಯ ಪಡೆದು, ಇಂಗ್ಲಿಷ್ ಕಲಿತು ಮತ್ತೆ ಪರೀಕ್ಷೆಗೆ ಕುಳಿತರು. ಮುಂದೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ಕ್ಯಾನ್ಸರ್ ಶಸ್ತ್ರಚಿಕಿತ್ಸಕರಾಗಿ ಎಷ್ಟೋ ಹೆಣ್ಣುಮಕ್ಕಳ ಜೀವ ಉಳಿಸಿದರು. 2025ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ಘೋಷಿಸಿತು.

ಅವರು ನಪಾಸಾದಾಗ ಸೋತದ್ದು ಬುದ್ಧಿಯಲ್ಲ, ಭಾಷೆಯ ಅಭ್ಯಾಸ. ಬುದ್ಧಿ ಕಡಿಮೆ ಎಂದುಕೊಂಡಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ನಮ್ಮ ಹುಡುಗಿಯರು ಮಾಡುವ ದೊಡ್ಡ ತಪ್ಪು ಇದೇ. ಒಂದು ಪರೀಕ್ಷೆಯಲ್ಲಿ ಬಿದ್ದರೆ, "ನನ್ನ ಕೈಲಿ ಆಗೂದಿಲ್ಲ" ಎಂದುಬಿಡುತ್ತಾರೆ. ನಾನೂ ಬ್ಯಾಂಕ್ ಪರೀಕ್ಷೆಯಲ್ಲಿ ಎರಡು ಸಲ ಬಿದ್ದವಳು. ಬಿ.ಕಾಂ. ಮುಗಿಸಿ ಖಡೇಬಜಾರದ ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಎರಡನೇ ಸಲ ಬಿದ್ದಾಗ ಒಂದು ವಾರ ಅತ್ತೆ. ಆಮೇಲೆ ಅಂಕಪಟ್ಟಿ ಮುಂದಿಟ್ಟುಕೊಂಡು ನೋಡಿದೆ. ಲೆಕ್ಕದಲ್ಲಿ ಅಂಕ ಚೆನ್ನಾಗಿಯೇ ಇತ್ತು. ಬಿದ್ದದ್ದು ಇಂಗ್ಲಿಷಿನಲ್ಲಿ. ಅಂದರೆ ನಾನು ತುಂಬಬೇಕಾದ ತಗ್ಗು ಒಂದೇ. ಅಂದಿನಿಂದ ಬೆಳಿಗ್ಗೆ ಬಸ್ಸಿನಲ್ಲಿ ಖಾನಾಪುರದಿಂದ ಬೆಳಗಾವಿಗೆ ಹೋಗುವಾಗ ಒಂದು ಪುಟ, ಸಂಜೆ ಬರುವಾಗ ಒಂದು ಪುಟ ಇಂಗ್ಲಿಷ್ ಓದಿದೆ. ಸೀಟು ಸಿಗದ ದಿನ ಕಂಬ ಹಿಡಿದು ನಿಂತೇ ಓದಿದೆ. ಮೂರನೇ ಸಲ ಪಾಸಾದೆ. ಈಗಿನ ಮಕ್ಕಳಿಗೆ ಒಂದು ಸಮಾಧಾನವಿದೆ. ಗ್ರಾಮೀಣ ಬ್ಯಾಂಕುಗಳ ನೇಮಕಾತಿ ಪರೀಕ್ಷೆಯನ್ನು ಈಗ ಕನ್ನಡದಲ್ಲೂ ಬರೆಯಬಹುದು. ಹಾಗೆಂದು ಇಂಗ್ಲಿಷ್ ಬಿಡಬೇಡಿರಿ.

ಎರಡನೆಯ ಮಾತು. ಗುರಿ ಕಲ್ಲಿನ ಮೇಲೆ ಕೊರೆದ ಶಾಸನವಲ್ಲ. ಹೊಸ ಬಾಗಿಲು ತೆರೆದರೆ ಹೊಕ್ಕು ನೋಡುವ ಧೈರ್ಯ ಬೇಕು. ನಮ್ಮ ಬೆಳಗಾವಿ ತಾಲೂಕಿನ ತುರಮುರಿಯ ಮಲಪ್ರಭಾ ಜಾಧವ ರೈತ ಕುಟುಂಬದ ಹುಡುಗಿ. ಬೆಳಗಾವಿಯ ಕ್ರೀಡಾ ವಸತಿ ನಿಲಯದಲ್ಲಿ ಇದ್ದು ಜೂಡೋ ಕಲಿತಳು. ಕುರಾಶ್ ಎಂಬ ಮಧ್ಯ ಏಷ್ಯಾದ ಕುಸ್ತಿಯ ಹೆಸರು ಆಗ ನಮ್ಮಲ್ಲಿ ಯಾರಿಗೆ ಗೊತ್ತಿತ್ತು? 2018ರಲ್ಲಿ ಜಕಾರ್ತಾದ ಏಷ್ಯನ್ ಕ್ರೀಡಾಕೂಟಕ್ಕೆ ಆ ಆಟ ಮೊದಲ ಸಲ ಸೇರಿತು. ಜೂಡೋ ಕಲಿತ ಕೈ ಅದಕ್ಕೂ ಒಗ್ಗಿತು. 52 ಕಿಲೋ ವಿಭಾಗದಲ್ಲಿ ಅವಳು ಕಂಚು ಗೆದ್ದಳು. ಕಣಕುಂಬಿಯಲ್ಲಿ ಹುಟ್ಟುವ ನಮ್ಮ ಹೊಳೆಯ ಹೆಸರು ಜಕಾರ್ತಾದಲ್ಲಿ ಕೇಳಿಸಿತು! ಜೂಡೋ ಬಿಟ್ಟು ಬೇರೇನೂ ನೋಡುವುದಿಲ್ಲ ಎಂದು ಹಟ ಹಿಡಿದಿದ್ದರೆ ಆ ಪದಕವಿಲ್ಲ. ಜೂಡೋವನ್ನು ಅರ್ಧಂಬರ್ಧ ಕಲಿತಿದ್ದರೂ ಆ ಪದಕವಿಲ್ಲ. ಕೈಯಲ್ಲಿರುವ ವಿದ್ಯೆಯನ್ನು ಪೂರ್ತಿ ಕಲಿಯಿರಿ, ಕಣ್ಣನ್ನು ಸುತ್ತಲೂ ತೆರೆದಿಡಿರಿ.

ಬಾಗಿಲು ತೆರೆಯುವ ಇನ್ನೊಂದು ಉದಾಹರಣೆ. ಬೆಳಗಾವಿ ಎಂದರೆ ಮರಾಠಾ ಲಘು ಪದಾತಿದಳದ ಊರು. ನಮ್ಮ ತಾಲೂಕಿನಲ್ಲಿ ಸೈನಿಕರಿಲ್ಲದ ಹಳ್ಳಿ ಹುಡುಕುವುದು ಕಷ್ಟ. ಆದರೆ ನಮ್ಮ ಕಾಲದಲ್ಲಿ ಮಿಲಿಟರಿ ಎಂದರೆ ಅಣ್ಣ ಹೋಗುವ ಕೆಲಸ. ತಂಗಿ ಅವನಿಗೆ ಬುತ್ತಿ ಕಟ್ಟುವವಳು. ಸೇನಾ ಪೊಲೀಸ್ ದಳಕ್ಕೆ ಮಹಿಳಾ ಸೈನಿಕರನ್ನು ತೆಗೆದುಕೊಳ್ಳಲು ನಿರ್ಧಾರವಾದಾಗ ಅದರ ಮೊದಲ ನೇಮಕಾತಿ ರ‍್ಯಾಲಿ ನಡೆದದ್ದು ಇದೇ ಬೆಳಗಾವಿಯಲ್ಲಿ, 2019ರ ಆಗಸ್ಟ್‌ನಲ್ಲಿ. ಜಿಟಿಜಿಟಿ ಮಳೆಯ ತಿಂಗಳು. ಮುಂದೆ 2021ರ ಮೇ 8ರಂದು 83 ಮಹಿಳೆಯರ ಮೊದಲ ತಂಡ ಬೆಂಗಳೂರಿನಲ್ಲಿ ತರಬೇತಿ ಮುಗಿಸಿ ಹೊರಬಂತು. ಆ ನೇಮಕಾತಿಗೂ ಒಂದು ವರ್ಷ ಮೊದಲು ಯಾವ ಹುಡುಗಿಯಾದರೂ "ನಾನು ಸೈನಿಕಳಾಗುತ್ತೇನೆ" ಎಂದು ಓಟದ ಅಭ್ಯಾಸ ಮಾಡಿದ್ದರೆ ಊರು ನಗುತ್ತಿತ್ತು. ಬಾಗಿಲು ತೆರೆದ ದಿನ ಒಳಗೆ ಹೋಗಲು ಸಿದ್ಧವಿದ್ದವರು, ನಗುವವರ ನಡುವೆಯೇ ಓಡಿದವರು.

ಮೂರನೆಯ ಮಾತು. ಆತ್ಮವಿಶ್ವಾಸ ಒಬ್ಬಳೇ ಕುಳಿತು ಗಳಿಸುವ ವಸ್ತುವಲ್ಲ. ನಾಲ್ಕು ಮಂದಿ ಜೊತೆಗೂಡಿದಾಗ ಅದು ಬೇಗ ಬೆಳೆಯುತ್ತದೆ. ನಮ್ಮ ಜಿಲ್ಲೆಯ ಚಿಕ್ಕೋಡಿ ತಾಲೂಕಿನ ಕಬ್ಬೂರಿನ ಸೀತವ್ವ ಜೋಡಟ್ಟಿ ಅವರನ್ನು ನೆನೆಯಿರಿ. ಏಳು ವರ್ಷದ ಮಗುವಿದ್ದಾಗ ಅವರಿಗೆ ಮುತ್ತು ಕಟ್ಟಿ ದೇವದಾಸಿ ಮಾಡಿದರು. ಶಾಲೆ, ಆಟ, ಆಸೆ ಎಲ್ಲ ಅಲ್ಲಿಗೆ ನಿಂತವು. ಅಂಥ ಹೆಣ್ಣುಮಗಳು ತನ್ನಂಥವರೊಡನೆ ಸೇರಿ ಕಟ್ಟಿದ ಸಂಸ್ಥೆ ಘಟಪ್ರಭಾದಲ್ಲಿರುವ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ, ಜನ ಕರೆಯುವುದು ಮಾಸ್ ಎಂದು. 1997ರಲ್ಲಿ ಹುಟ್ಟಿದ ಆ ಸಂಸ್ಥೆಯಲ್ಲಿ ದುಡಿಯುವವರು ಆ ನೋವು ಉಂಡವರೇ. ಸಂಘ ಕಟ್ಟಿದರು, ಉಳಿತಾಯ ಮಾಡಿದರು, ಮಕ್ಕಳನ್ನು ಶಾಲೆಗೆ ಕಳಿಸಿದರು, ಮುತ್ತು ಕಟ್ಟುವುದನ್ನು ತಡೆದರು. 2018ರಲ್ಲಿ ಸೀತವ್ವ ಅವರಿಗೆ ಪದ್ಮಶ್ರೀ ಬಂತು. ನನಗೆ ಪ್ರಶಸ್ತಿಗಿಂತ ದೊಡ್ಡದಾಗಿ ಕಾಣುವುದು ಇನ್ನೊಂದು. ಒಬ್ಬಳು ಎದ್ದು ನಿಂತು ತಾನು ಮಾತ್ರ ಪಾರಾಗಲಿಲ್ಲ, ಹಿಂದೆ ತಿರುಗಿ ಕೈ ಚಾಚಿದಳು.

ಇನ್ನು ಸ್ವಲ್ಪ ವ್ಯವಹಾರದ ಮಾತು. ಬ್ಯಾಂಕಿನವಳು, ಲೆಕ್ಕ ಹೇಳದೆ ಬಿಡುವುದಿಲ್ಲ.

ಗುರಿ ಬರೆಯುವಾಗ ಕೇವಲ "ಡಾಕ್ಟರ್ ಆಗಬೇಕು", "ಪಿಎಸ್‌ಐ ಆಗಬೇಕು" ಎಂದು ಬರೆದರೆ ಅದು ಆಸೆ. ಅದರ ಕೆಳಗೆ ನಾಲ್ಕು ಸಾಲು ಬರೆದರೆ ಗುರಿ. ಒಂದು, ಅದಕ್ಕೆ ಯಾವ ಓದು ಬೇಕು, ಎಷ್ಟು ವರ್ಷ ಬೇಕು. ಎರಡು, ಯಾವ ಪರೀಕ್ಷೆ, ಅರ್ಜಿ ಯಾವಾಗ. ಮೂರು, ಖರ್ಚು ಎಷ್ಟು, ಎಲ್ಲಿಂದ ಬರುತ್ತದೆ. ನಾಲ್ಕು, ಈ ತಿಂಗಳು ನಾನು ಏನು ಮಾಡುತ್ತೇನೆ. ನಾಲ್ಕನೆಯ ಸಾಲನ್ನು ಪ್ರತಿ ತಿಂಗಳು ಅಳಿಸಿ ಹೊಸದಾಗಿ ಬರೆಯಿರಿ. ಮೇಲಿನ ಸಾಲು ದೂರದ ಗುಡ್ಡ, ಈ ಸಾಲು ಕಾಲ ಕೆಳಗಿನ ಮೆಟ್ಟಿಲು.

ಖರ್ಚಿನ ಸಾಲು ಬರೆಯಲು ನಿಮಗೆ ಕೆಲವು ಸಂಗತಿ ಗೊತ್ತಿರಬೇಕು. ಎಂಟನೇ ತರಗತಿಯಲ್ಲಿ ಎನ್‌ಎಂಎಂಎಸ್ ಪರೀಕ್ಷೆ ಇದೆ. ಆಯ್ಕೆಯಾದರೆ ಒಂಬತ್ತರಿಂದ ಪಿಯುಸಿ ಎರಡನೇ ವರ್ಷದವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ. ನನ್ನ ಗೆಳತಿಯ ಬಸ್ ಪಾಸು ಇದರ ಮುಂದೆ ಎಷ್ಟರದು! ಒಂದರಿಂದ ಹತ್ತರವರೆಗೆ ಹಳ್ಳಿಯ ಶಾಲೆಯಲ್ಲಿ ಓದಿದವರಿಗೆ ಸಿಇಟಿ ಮೂಲಕ ಸಿಗುವ ವೃತ್ತಿಪರ ಕೋರ್ಸುಗಳ ಸರ್ಕಾರಿ ಸೀಟುಗಳಲ್ಲಿ ಶೇ. 15 ಗ್ರಾಮೀಣ ಮೀಸಲಾತಿ ಇದೆ. ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಬೇರೆ ಇದೆ. ಆ ಪ್ರಮಾಣಪತ್ರಗಳನ್ನು ಕೊಡುವುದು ಇದೇ ಶಾಲೆ. ಹಳ್ಳಿಯ ಸರ್ಕಾರಿ ಸಾಲಿ ಎಂದು ಕೀಳಾಗಿ ನೋಡುವವರಿಗೆ ಹೇಳಿರಿ, ಈ ಸಾಲಿಯ ಕಾಗದಕ್ಕೂ ಬೆಲೆ ಇದೆ. ರಾಜ್ಯ ಸರ್ಕಾರದ ನೌಕರಿಗಳಲ್ಲಿ ಮಹಿಳೆಯರಿಗೆ ಶೇ. 33 ಮೀಸಲಾತಿ ಇದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾರಿಗೆ ಬಸ್ಸು ಉಚಿತ. ನಮ್ಮ ಗೆಳತಿಯನ್ನು ನಿಲ್ಲಿಸಿದ ಎರಡು ಕಾರಣಗಳಲ್ಲಿ ಒಂದು ಹೋಯಿತು. ಉಳಿದದ್ದು ಇನ್ನೊಂದು.

ಆ ಇನ್ನೊಂದು ಕಾರಣಕ್ಕೆ ಈಗ ಬರುತ್ತೇನೆ. ತಂದೆ-ತಾಯಂದಿರೇ, ಸಿಟ್ಟಾಗಬೇಡಿರಿ, ನಾನು ನಿಮ್ಮ ಮನೆಯ ಮಗಳೇ.

ನಿಮ್ಮ ಭಯ ನನಗೆ ಗೊತ್ತು. ಮಳೆಗಾಲದಲ್ಲಿ ಹಳ್ಳ ತುಂಬುತ್ತದೆ, ಸಂಜೆಯ ಬಸ್ಸು ತಪ್ಪಿದರೆ ಕತ್ತಲಾಗುತ್ತದೆ, ಕಾಡಿನ ದಾರಿ, ಕರಡಿಯ ಹೆದರಿಕೆ, ಅದಕ್ಕಿಂತ ಹೆಚ್ಚಾಗಿ ಜನರ ಬಾಯಿ. ನಮ್ಮ ಅಪ್ಪನಿಗೂ ಈ ಭಯವೆಲ್ಲ ಇತ್ತು. ನಾನು ಬೆಳಗಾವಿಗೆ ಹೋಗಲು ಶುರುಮಾಡಿದ ಮೊದಲ ವರ್ಷ ಅಪ್ಪ ಪ್ರತಿ ಸಂಜೆ ಬ್ಯಾಟರಿ ಹಿಡಿದು ಬಸ್ ನಿಲ್ದಾಣದಲ್ಲಿ ನಿಂತಿರುತ್ತಿದ್ದ. "ಮಗಳನ್ನ ಕಲಸಿ ಏನ್ ಮಾಡ್ತಿ?" ಎಂದು ಕೇಳಿದವರಿಗೆ ಅವನು ಉತ್ತರ ಕೊಡುತ್ತಿರಲಿಲ್ಲ. ಮರುದಿನ ಸಂಜೆ ಮತ್ತೆ ಬಂದು ನಿಲ್ಲುತ್ತಿದ್ದ. ಭಯವಿದ್ದರೆ ಮಗಳನ್ನು ಮನೆಯಲ್ಲಿ ಕೂರಿಸುವುದೊಂದೇ ದಾರಿಯಲ್ಲ. ಬ್ಯಾಟರಿ ಹಿಡಿದು ನಿಲ್ಲುವುದೂ ಒಂದು ದಾರಿ.

ಕಿತ್ತೂರು ನಮಗೆ ದೂರವಲ್ಲ. 1824ರ ಅಕ್ಟೋಬರ್ 23ರಂದು ರಾಣಿ ಚೆನ್ನಮ್ಮನ ಪಡೆ ಥ್ಯಾಕರೆಯ ಸೈನ್ಯವನ್ನು ಸೋಲಿಸಿತು. ಅವಳ ನಂತರವೂ ಹೋರಾಡಿದ ರಾಯಣ್ಣನ ಸಮಾಧಿ ನಮ್ಮ ತಾಲೂಕಿನ ನಂದಗಡದಲ್ಲೇ ಇದೆ. ನಾವು ಪ್ರತಿ ವರ್ಷ ಚೆನ್ನಮ್ಮನಿಗೆ ಜಯಕಾರ ಹಾಕುತ್ತೇವೆ. ಜಯಕಾರ ಹಾಕಿ ಮನೆಗೆ ಹೋಗಿ, "ಹುಡುಗಿ ಒಬ್ಬಾಕಿನ ಬೆಳಗಾವಿಗೆ ಹೆಂಗ ಕಳಸೂದು?" ಎಂದರೆ ಹೇಗೆ? ಖಾನಾಪುರದಿಂದ ಬೆಳಗಾವಿ ಇಪ್ಪತ್ತೈದು-ಇಪ್ಪತ್ತಾರು ಕಿಲೋಮೀಟರ್.

ನಾನು ಕೇಳುವುದು ಮೂರೇ. ಹದಿನೆಂಟು ತುಂಬುವ ಮೊದಲು ಮದುವೆ ಕಾನೂನಿಗೆ ವಿರುದ್ಧ, ಅದನ್ನು ಕೇಳಿಕೊಳ್ಳುವ ಮಾತೇ ಇಲ್ಲ. ಹದಿನೆಂಟು ತುಂಬಿದ ಮೇಲೂ, ಅವಳು ಹಿಡಿದ ಓದು ಮುಗಿಯುವವರೆಗೆ ಮದುವೆಯ ಮಾತು ತಡೆಯಿರಿ. ಎರಡನೆಯದು, ಪರೀಕ್ಷೆಯ ವರ್ಷದಲ್ಲಿ ಅವಳಿಗೆ ದಿನಕ್ಕೆ ಎರಡು ತಾಸು ಬಿಡಿರಿ. ಆ ಎರಡು ತಾಸು ನೀರು ತರುವುದು, ಮುಸುರಿ ತಿಕ್ಕುವುದು ಅವಳ ಅಣ್ಣ-ತಮ್ಮಂದಿರಿಂದಲೂ ಆಗುತ್ತದೆ, ಅವರ ಕೈ ಸವೆಯುವುದಿಲ್ಲ. (ಗಂಡುಹುಡುಗರು ನಗುತ್ತಿದ್ದಾರೆ. ನಗಿರಿ, ಆದರೆ ಮಾಡಿರಿ.) ಮೂರನೆಯದು, ಅವಳ ಹೆಸರಿನಲ್ಲಿ ಒಂದು ಬ್ಯಾಂಕ್ ಖಾತೆ ತೆರೆಯಿರಿ, ವಿದ್ಯಾರ್ಥಿವೇತನದ ಹಣ ಅದರಲ್ಲೇ ಇರಲಿ. ಆ ಹಣ ಅವಳ ಓದಿಗೇ ಖರ್ಚಾಗಲಿ. ತನ್ನ ಹೆಸರಿನ ಪಾಸ್‌ಬುಕ್ ಕೈಯಲ್ಲಿ ಹಿಡಿದ ಹುಡುಗಿಯ ನಡಿಗೆ ಬೇರೆಯಾಗುವುದನ್ನು ನಾನು ಕೌಂಟರಿನ ಈ ಕಡೆ ಕುಳಿತು ನೋಡಿದ್ದೇನೆ.

ಕೊನೆಯದಾಗಿ, ನನ್ನ ಜೊತೆಯ ಹಳೆಯ ವಿದ್ಯಾರ್ಥಿಗಳಿಗೆ. ಸುವರ್ಣ ಮಹೋತ್ಸವಕ್ಕೆ ನಾವು ಕಮಾನು ಕಟ್ಟಿಸಿದ್ದೇವೆ, ಬಣ್ಣ ಹಚ್ಚಿಸಿದ್ದೇವೆ. ಒಳ್ಳೆಯದು. ಬಣ್ಣ ಎರಡು ಮಳೆಗಾಲ ಬಾಳುತ್ತದೆ. ನಮ್ಮ ಭಾಗದ ಮಳೆ ನಿಮಗೆ ಗೊತ್ತೇ ಇದೆ. ಬಹಳ ದಿನ ಬಾಳುವ ಕೆಲಸವೊಂದನ್ನು ಹೇಳುತ್ತೇನೆ. ಈ ವರ್ಷ ಹತ್ತನೇ ತರಗತಿಯಲ್ಲಿರುವ ಒಬ್ಬೊಬ್ಬ ಹುಡುಗಿಯನ್ನು ನಮ್ಮಲ್ಲಿ ಒಬ್ಬೊಬ್ಬರು ನೋಡಿಕೊಳ್ಳೋಣ. ಹಣ ಕೊಡುವುದು ಕಡ್ಡಾಯವಲ್ಲ. ತಿಂಗಳಿಗೊಂದು ಸಲ ಫೋನ್ ಮಾಡಿ, "ಓದು ಎಲ್ಲಿಗೆ ಬಂತು? ಅರ್ಜಿ ಹಾಕಿದಿ? ಮನ್ಯಾಗ ಏನಂತಾರ?" ಎಂದು ಕೇಳಿದರೆ ಸಾಕು. ಜೂನ್‌ನಲ್ಲಿ ಕಾಲೇಜಿಗೆ ಅವಳು ಬಂದಿಲ್ಲವೆಂದು ಗೊತ್ತಾದ ದಿನವೇ ಅವಳ ಮನೆಯ ಬಾಗಿಲಿಗೆ ಹೋಗೋಣ. ನನ್ನ ಗೆಳತಿಯ ಮನೆಗೆ ಆ ದಿನ ಯಾರೂ ಹೋಗಲಿಲ್ಲ. ನಾನೂ ಹೋಗಲಿಲ್ಲ. ಹದಿನಾರರ ಹುಡುಗಿ ನಾನು, ನನ್ನ ಮಾತು ಯಾರು ಕೇಳುತ್ತಿದ್ದರು ಎಂದು ಸಮಾಧಾನ ಮಾಡಿಕೊಳ್ಳುತ್ತೇನೆ. ಆದರೂ ಇವತ್ತಿನವರೆಗೆ ಅದು ಎದೆಯಲ್ಲಿ ಮುಳ್ಳಾಗಿ ಉಳಿದಿದೆ. ಇನ್ನು ಮುಂದೆ ನಮ್ಮಲ್ಲಿ ಯಾರಿಗೂ ಆ ನೆಪ ಬೇಡ. ಮರಾಠಿ ಮನೆಮಾತಿನ ಹುಡುಗಿಯಾಗಲಿ, ಕನ್ನಡದವಳಾಗಲಿ, ಉರ್ದು ಮನೆಯವಳಾಗಲಿ, ಈ ಸಾಲಿಯ ಹಾಜರಿಪುಸ್ತಕದಲ್ಲಿ ಹೆಸರಿದ್ದವಳು ನಮ್ಮ ಹುಡುಗಿ.

ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಒಂದು ನೋಟ್‌ಬುಕ್ ತಂದಿದ್ದೇನೆ. ಒಂದು ಕಡೆ ಹತ್ತನೇ ತರಗತಿಯ ಹುಡುಗಿಯರ ಹೆಸರಿದೆ, ಎದುರಿನ ಸಾಲು ಖಾಲಿ ಇದೆ. ಊಟಕ್ಕೆ ಹೋಗುವ ಮುನ್ನ ಆ ಖಾಲಿ ಸಾಲಿನಲ್ಲಿ ನಿಮ್ಮ ಹೆಸರು, ಫೋನ್ ನಂಬರ್ ಬರೆಯಿರಿ. ಮೊದಲನೆಯ ಸಾಲಿನಲ್ಲಿ ನನ್ನ ಹೆಸರಿದೆ. ಎರಡನೆಯ ಸಾಲಿನಲ್ಲಿ ನನ್ನ ಗೆಳತಿಯ ಹೆಸರಿದೆ. "ನಾ ಕಲೀಲಿಲ್ಲ, ಆದ್ರ ಕಲಿಯಾಕಿಗೆ 'ಹೋಗು' ಅನ್ನೂ ಬಾಯಿ ನನಗೂ ಐತಿ" ಎಂದು ತಾನೇ ಬರೆಸಿದ್ದಾಳೆ.



ಜೈ ಹಿಂದ್, ಜೈ ಕರ್ನಾಟಕ.